ಕೂಡಿಟ್ಟ ತುಂಡು ಬಟ್ಟೆಯ ಬ್ಲಾಕ್‌ಗಳನ್ನು ಕೌದಿ ಮಾಡಿ ಮುಗಿಸುವುದು ಹೇಗೆ?

ಉಳಿದ ಬಟ್ಟೆ ಚೂರುಗಳಿಂದ ಹೊಲಿದ, ಕೌದಿಗೆ ಜೋಡಿಸಬೇಕಾದ ಚೌಕ ತುಂಡುಗಳು, ಅಂದರೆ ಬ್ಲಾಕ್‌ಗಳು ನೂರಕ್ಕೂ ಮೇಲಿವೆ, ಒಂದರ ಅಳತೆ ಇನ್ನೊಂದಕ್ಕಿಲ್ಲ, ಬಣ್ಣಗಳೂ ಹೊಂದುವುದಿಲ್ಲ, ಏನು ಮಾಡಬೇಕೋ ತೋಚದೆ ಮತ್ತೊಂದು ಹೊಸ ಬ್ಲಾಕ್ ಹೊಲಿಯಲು ಕೂರುತ್ತೇನೆ ಎಂದು ಬರೆದಿದ್ದೀರಿ. ಆ ಕೊನೆಯ ಮಾತು ಓದುವಾಗ ನನ್ನದೇ ಕಪಾಟು ಕಣ್ಮುಂದೆ ಬಂತು. ಆರು ವರ್ಷ ನಾನೂ ಅದನ್ನೇ ಮಾಡಿದ್ದೇನೆ. ಬ್ಲಾಕ್ ಒಂದು ಸಂಜೆಯ ಕೆಲಸ, ಮುಗಿಸಿದ ಸಂತೋಷ ಅಂದೇ ಸಿಕ್ಕಿಬಿಡುತ್ತದೆ. ಕೌದಿ ವಾರಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಕೈ ಹಿಂಜರಿಯುತ್ತದೆ.

ಹೊಸ ಬ್ಲಾಕ್ ಹೊಲಿಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಈ ಕೌದಿಯನ್ನು ಯಾರು ಹೊದೆಯುತ್ತಾರೆ, ಅದರ ಉದ್ದಗಲ ಎಷ್ಟಿರಬೇಕು ಎಂದು ಇವತ್ತೇ ಗೊತ್ತುಮಾಡಿಕೊಳ್ಳಿ. ಅಳತೆ ಗೊತ್ತಾಗದೆ ಕೂಡಿಟ್ಟ ಬ್ಲಾಕ್‌ಗಳು ಎಷ್ಟಾದರೂ ಕೌದಿಯಾಗುವುದಿಲ್ಲ. ಎಲ್ಲವನ್ನೂ ಒಂದೇ ಕೌದಿಗೆ ಹಾಕುವ ಆಸೆಯನ್ನೂ ಬಿಡಿ. ಮೊದಲನೆಯದು ಚಿಕ್ಕದಿರಲಿ: ಮಗುವಿಗೋ, ಕುಳಿತಾಗ ಕಾಲ ಮೇಲೆ ಹೊದೆಯುವುದಕ್ಕೋ, 16 ಬ್ಲಾಕ್ ಸಾಕು.

ನಿಮ್ಮ ನಿಜವಾದ ತೊಡಕು ಅಳತೆಯದು, ಅದಕ್ಕೆ ಮದ್ದು ಚೌಕಟ್ಟು. ಎಲ್ಲ ಬ್ಲಾಕ್‌ಗಳನ್ನೂ ಒಂದು ಅಳತೆಗೆ ತರಬೇಕು, 9½ ಇಂಚು ಎಂದಿಟ್ಟುಕೊಳ್ಳಿ. ಚಿಕ್ಕದಿರುವ ಬ್ಲಾಕಿನ ನಾಲ್ಕೂ ಬದಿಗೆ ಒಂದೇ ಬಣ್ಣದ ಪಟ್ಟಿ ಹೊಲಿದು, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಬೇಕು. ಪಟ್ಟಿ ಎಷ್ಟೇ ಅಗಲವಿದ್ದರೂ ಒಂದೊಂದು ಬದಿಯಲ್ಲಿ ಅರ್ಧ ಇಂಚು ಹೊಲಿಗೆಯ ಒಳಗೆ ಹೋಗುತ್ತದೆ, ಕಾಲಿಂಚು ಬ್ಲಾಕಿನದು, ಕಾಲಿಂಚು ಪಟ್ಟಿಯದು. ಹಾಗಾಗಿ 8 ಇಂಚಿನ ಬ್ಲಾಕಿಗೆ 1½ ಇಂಚಿನ ಪಟ್ಟಿ ಸುತ್ತಲೂ ಹಾಕಿದರೆ 10 ಇಂಚಾಗುತ್ತದೆ, ಅದನ್ನು 9½ಕ್ಕೆ ಕತ್ತರಿಸಿ. 7 ಇಂಚಿನದಕ್ಕೆ ಪಟ್ಟಿ 2 ಇಂಚಿರಲಿ. 9 ಇಂಚಿನದನ್ನು ಹಾಗೆಯೇ ಚೌಕಟ್ಟಿಗೆ ಹಾಕಬೇಡಿ, ಪಟ್ಟಿ ದಾರದ ಹಾಗೆ ತೆಳ್ಳಗೆ ಕಾಣುತ್ತದೆ. ಧೈರ್ಯ ಮಾಡಿ ಅದನ್ನು 8ಕ್ಕೆ ಇಳಿಸಿಬಿಡಿ. ತೀರಾ ದೊಡ್ಡವನ್ನು ಕತ್ತರಿಸದೆ ಎತ್ತಿಡಿ, ಕೌದಿಯ ಹಿಂಬದಿಗೆ ಅವು ಚೆನ್ನಾಗಿ ಒದಗುತ್ತವೆ.

ಕತ್ತರಿಸುವುದಕ್ಕೆ ದಪ್ಪ ರಟ್ಟಿನಲ್ಲಿ 9½ ಇಂಚಿನ ಒಂದು ಚೌಕ ಮಾಡಿಟ್ಟುಕೊಳ್ಳಿ. ಬ್ಲಾಕಿನ ನಡುವಿಗೆ ರಟ್ಟಿನ ನಡುವು ಕೂಡಿಸಿ, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿ. ಒಳಗಿನ ಚಿತ್ತಾರ ಸ್ವಲ್ಪ ಸೊಟ್ಟ ಕೂತರೆ ಕೂರಲಿ, ಹೊರಗಿನ ನಾಲ್ಕು ಅಂಚು ನೆಟ್ಟಗಿದ್ದರೆ ಆಯಿತು. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಹೆಂಗಸರು ಸವೆದ ಕೆಲಸದ ಬಟ್ಟೆಗಳಿಂದ ಹೊಲಿದ ಕೌದಿಗಳ ಚಿತ್ರ ಹುಡುಕಿ ನೋಡಿ. ಗೆರೆಗಳು ಓರೆಯಾಗಿವೆ, ಪಟ್ಟಿಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅವೇ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು, 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು. ನಿಮ್ಮ ಸೊಟ್ಟ ಬ್ಲಾಕ್‌ಗಳ ಬಗ್ಗೆ ಸಂಕೋಚ ಬೇಡ.

ಬಣ್ಣ ಹೊಂದುವುದಿಲ್ಲ ಎಂಬ ಚಿಂತೆಗೆ ಒಂದು ಉಪಾಯವಿದೆ. 16ನ್ನೂ ನೆಲದ ಮೇಲೆ ಹರಡಿ ಫೋನಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ. ಕೆಂಪೋ ಹಸಿರೋ ಎಂಬುದು ಅಳಿಸಿಹೋಗಿ ಯಾವುದು ಗಾಢ, ಯಾವುದು ತಿಳಿ ಎಂಬುದಷ್ಟೇ ಉಳಿಯುತ್ತದೆ. ಗಾಢವಾದವು ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದರೆ ಚದುರಿಸಿ. ಬ್ಲಾಕ್‌ಗಳ ನಡುವೆ ಬರುವ ಪಟ್ಟಿ ಮಾತ್ರ ಎಲ್ಲ ಕಡೆ ಒಂದೇ ಸಾದಾ ಬಣ್ಣದ್ದಿರಬೇಕು. ನಾನು ಹೆಚ್ಚಾಗಿ ಬೂದು ಅಥವಾ ಕಡುನೀಲಿ ಹಾಕುತ್ತೇನೆ, ಎಂಥ ಗಲಾಟೆಯ ಬಣ್ಣವೂ ಅದರ ನಡುವೆ ಸುಮ್ಮನಾಗುತ್ತದೆ.

ಈಗ ಜೋಡಣೆ. ನಡುಪಟ್ಟಿಗಳ ಅಗಲ 2 ಇಂಚು, ಹೊಲಿದ ಮೇಲೆ 1½ ಉಳಿಯುತ್ತದೆ. ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, ಸುತ್ತಲೂ ಪಟ್ಟಿ ಬಂದರೆ 44 ಇಂಚಿನ ಚೌಕ, ಅಂಚು ಹೊಲಿದು ಮುಗಿದಾಗ 43½. ಸಾಲಿನೊಳಗೆ ಬ್ಲಾಕುಗಳ ನಡುವೆ ಮತ್ತು ಎರಡು ತುದಿಗೆ 9½ ಇಂಚಿನ 20 ಗಿಡ್ಡ ಪಟ್ಟಿ, ಸಾಲುಗಳ ನಡುವೆ ಮತ್ತು ಮೇಲೆ ಕೆಳಗೆ 44 ಇಂಚಿನ 5 ಉದ್ದ ಪಟ್ಟಿ ಬೇಕು. 44 ಇಂಚು ಪನ್ನದ ಬಟ್ಟೆಯಾದರೆ ಒಂದೂಕಾಲು ಮೀಟರ್ ಸಾಕು, ಆದರೆ ಒಗೆದು ಒಣಗಿಸಿದ ಮೇಲೇ ಕತ್ತರಿಸಿ. ಉದ್ದ ಪಟ್ಟಿಗಳನ್ನು ಬಟ್ಟೆಯ ಉದ್ದದ ದಿಕ್ಕಿನಲ್ಲೇ ತೆಗೆಯಿರಿ, ಆ ಕಡೆ ಬಟ್ಟೆ ಕಡಿಮೆ ಜಗ್ಗುತ್ತದೆ.

ಉದ್ದ ಪಟ್ಟಿಯ ವಿಷಯದಲ್ಲಿ ನನ್ನ ಮೊದಲ ಕೌದಿಯೇ ಕೆಟ್ಟಿತು. ಪಟ್ಟಿಯನ್ನು ಅಳೆಯದೆ ಸಾಲಿಗೆ ಹೊಲಿಯುತ್ತ ಹೋಗಿ ಕೊನೆಯಲ್ಲಿ ಉಳಿದದ್ದನ್ನು ಕತ್ತರಿಸಿದೆ. ಒಂದು ಸಾಲು 43 ಇಂಚಾಯಿತು, ಇನ್ನೊಂದು ಸುಮಾರು 45. ನೆಲಕ್ಕೆ ಹಾಸಿದರೆ ಅಂಚು ಅಲೆಅಲೆಯಾಗಿ ಎದ್ದು ನಿಲ್ಲುತ್ತಿತ್ತು. ಮೂರು ದಿನ ಕೂತು ಬಿಚ್ಚಿದೆ. ನೀವು ಐದೂ ಪಟ್ಟಿಗಳನ್ನು ಮೊದಲೇ ಸರಿಯಾಗಿ 44ಕ್ಕೆ ಕತ್ತರಿಸಿಟ್ಟುಕೊಳ್ಳಿ. ಪಟ್ಟಿಯ ಎರಡು ತುದಿ, ನಡುವು, ಕಾಲುಭಾಗಗಳನ್ನು ಸಾಲಿನ ಅವೇ ಜಾಗಗಳಿಗೆ ಗುಂಡುಸೂಜಿ ಚುಚ್ಚಿ ಕೂಡಿಸಿ, ಆಮೇಲೆ ಮೆಶಿನ್ನಿಗೆ ಕೊಡಿ. ಸಾಲು ಒಂದೆರಡು ನೂಲು ಹೆಚ್ಚಿದ್ದರೆ ಹೊಲಿಗೆಯಲ್ಲೇ ಅಡಗುತ್ತದೆ. ಇಸ್ತ್ರಿಯನ್ನೂ ಎಳೆದಾಡಬೇಡಿ, ಎತ್ತಿ ಎತ್ತಿ ಒತ್ತಿ.

ಇನ್ನು ಮೂರು ಪದರ. ಅಡಿಬಟ್ಟೆ ಪ್ರತಿ ಬದಿಗೂ 4 ಇಂಚು ಹೆಚ್ಚಿರಲಿ, ಎತ್ತಿಟ್ಟ ದೊಡ್ಡ ಬ್ಲಾಕ್‌ಗಳನ್ನು ಇದರಲ್ಲಿ ಸೇರಿಸಿ. ನಡುವಿಗೆ ಹತ್ತಿಯ ಹಾಸು ಇಲ್ಲವೆ ಹಳೆಯ ತೆಳು ಕಂಬಳಿ. ಅಡಿಬಟ್ಟೆಯ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಸುಕ್ಕಿಲ್ಲದಂತೆ ಒಂದರ ಮೇಲೊಂದು ಹಾಸಿ, ನಡುವಿನಿಂದ ಶುರುಮಾಡಿ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಹಾಕಿ. ಕೈಹೊಲಿಗೆಗೆ ಪುರುಸೊತ್ತಿದ್ದರೆ ಅದಕ್ಕಿಂತ ಚೆಂದ ಇನ್ನೊಂದಿಲ್ಲ. ಇಲ್ಲದಿದ್ದರೆ ಮೆಶಿನ್ನಿನಲ್ಲಿ ನಡುಪಟ್ಟಿಗಳ ಪಕ್ಕದಲ್ಲೇ ನೇರ ಗೆರೆ ಹೊಲಿಯಿರಿ. ಅದೂ ಆಗದಿದ್ದರೆ ನಾಲ್ಕು ಇಂಚಿಗೊಮ್ಮೆ ಮೂರೂ ಪದರ ದಾಟುವಂತೆ ದಪ್ಪ ದಾರ ಹಾಕಿ ಎರಡು ಗಂಟು ಬಿಗಿಯಿರಿ. ನನ್ನ ಎರಡು ಕೌದಿಗಳು ಹೀಗೆ ಗಂಟಿನಲ್ಲೇ ಮುಗಿದಿವೆ, ಹತ್ತಾರು ಸಲ ಒಗೆದರೂ ಬಿಚ್ಚಿಲ್ಲ.

ಅಂಚಿಗೆ 2½ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಅರ್ಧಕ್ಕೆ ಮಡಚಿ ಮುಂದಿನಿಂದ ಹೊಲಿದು, ಹಿಂದಕ್ಕೆ ಮಗುಚಿ ಕೈಯಲ್ಲಿ ಹೊಲಿಯಿರಿ. ಚೌಕಟ್ಟಿಗೆ ಬಳಸಿ ಉಳಿದ ಬಟ್ಟೆಗಳಿಂದಲೇ ಈ ಪಟ್ಟಿ ಕತ್ತರಿಸಿ ಜೋಡಿಸಿದರೆ ಬಣ್ಣಬಣ್ಣದ ಅಂಚು ಬರುತ್ತದೆ, ನನಗೆ ಅದು ಬಹಳ ಇಷ್ಟ. ಒಂದು ಎಚ್ಚರಿಕೆ: ಕೆಂಪು, ಕಡುನೀಲಿ ಚೂರುಗಳ ಮೇಲೆ ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಬ್ಲಾಕ್ ಬೇಡ. ಈ ಪರೀಕ್ಷೆಯನ್ನು 16 ಬ್ಲಾಕ್ ಆರಿಸುವಾಗಲೇ ಮಾಡಿಕೊಳ್ಳಿ. ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆ ಬಟ್ಟೆಯ ಜೊತೆ ಸೇರಿಸದೆ.