ಕುರ್ಲಾಕ್ಕೆ ಬಂದ ವಿದ್ಯುತ್ ರೈಲು

ಪ್ರಶ್ನೆ: ದೇಶದ ಮೊದಲ ವಿದ್ಯುತ್ ರೈಲು ನಮ್ಮ ಕುರ್ಲಾಕ್ಕೆ ಬಂದಿತ್ತೆಂಬುದು ನಿಜವೇ? ಉಗಿಬಂಡಿಯನ್ನು ಬಿಟ್ಟದ್ದೇಕೆ?
– ಓದುಗರೊಬ್ಬರು, ನೆಹರೂನಗರ, ಮುಂಬಯಿ

ಉತ್ತರ: ನಿಜ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ (ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಸಿ.ಎಸ್.ಎಂ.ಟಿ.) ಹೊರಟ ಆ ರೈಲು ಬಂದರು ಪ್ರದೇಶದ ಮೂಲಕ ಸಾಗುವ ಹಾರ್ಬರ್ ಮಾರ್ಗವಾಗಿ ಕುರ್ಲಾ ತಲುಪಿತು. 1853ರಲ್ಲಿ ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಹೋದ ಮೊದಲ ಪ್ರಯಾಣಿಕರ ರೈಲು ಹಾದುಹೋದದ್ದೂ ಕುರ್ಲಾದ ಮೂಲಕವೇ. ಈ ಊರಿನವರು ಹೆಮ್ಮೆಪಟ್ಟರೆ ತಪ್ಪೇನಿಲ್ಲ.

ಒಂದೆರಡು ಕಿಲೋಮೀಟರಿಗೊಮ್ಮೆ ನಿಂತು ಮತ್ತೆ ಹೊರಡಬೇಕಾದ ಲೋಕಲ್ ಗಾಡಿಗೆ, ನಿಧಾನವಾಗಿ ವೇಗ ಹಿಡಿಯುವ, ನಡುನಡುವೆ ನೀರು, ಕಲ್ಲಿದ್ದಲು ಬೇಡುವ ಉಗಿ ಎಂಜಿನ್ ಹೊಂದುತ್ತಿರಲಿಲ್ಲ. ವಿದ್ಯುತ್ ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆಯಿರುವುದರಿಂದ, ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಮುಂದಕ್ಕೆ ತರುವ ಕೆಲಸವೂ ತಪ್ಪಿತು. ಅಂದಿನ 1,500 ವೋಲ್ಟ್ ಡಿ.ಸಿ. (ಏಕಮುಖ ವಿದ್ಯುತ್) ವ್ಯವಸ್ಥೆಯ ಬದಲಿಗೆ ಈಗ 25,000 ವೋಲ್ಟ್ ಎ.ಸಿ. (ಪರ್ಯಾಯ ವಿದ್ಯುತ್) ಇದೆ.