ಹಾಯಿದೋಣಿಯ ಕಾಕ್‌ಪಿಟ್‌ಗೆ (ಕೂತು ದೋಣಿ ನಡೆಸುವ ತೆರೆದ ತಗ್ಗು ಜಾಗ) ಬೇಕಾದಾಗ ಹಾಕಿ ತೆಗೆಯುವ ಮರದ ಮೇಜು ಮಾಡುವುದು ಹೇಗೆ?

ಮೊದಲು ರಟ್ಟು ಕತ್ತರಿಸಿ ಇಟ್ಟು ನೋಡಿ. ಕೂತವರ ಮೊಣಕಾಲಿಗೆ, ಚುಕ್ಕಾಣಿ ತಿರುಗಿಸಲು ಜಾಗ ಉಳಿಯಬೇಕು. ಹಲಗೆಗೆ 12 ಮಿ.ಮೀ. ಮರೀನ್ ಪ್ಲೈವುಡ್ (ನೀರಿಗೆ ಬಿಡದ ಅಂಟಿನ ದೋಣಿ ಪ್ಲೈವುಡ್) ಸಾಕು. ತೇಗ ಚೆಂದವೇ, ಆದರೆ ದುಬಾರಿ. ಪ್ಲೈವುಡ್ ಹಾಳಾಗುವುದು ಹೆಚ್ಚಾಗಿ ಅಂಚಿನಿಂದ. ಹಾಗಾಗಿ ಕೊಯ್ದ ಅಂಚಿಗೆ, ಸ್ಕ್ರೂ ತೂತಿನ ಒಳಕ್ಕೂ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ) ಕುಡಿಸಿ. ಅದರ ಮೇಲೆ ಬಿಸಿಲು ತಡೆಯುವ ವಾರ್ನಿಶ್ ಬೇಕೇ ಬೇಕು, ಬರೀ ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಕೆಡುತ್ತದೆ.

ಲಂಗರು ಹಾಕಿದಾಗಲೂ ದೋಣಿ ಹೊಯ್ದಾಡುತ್ತದಲ್ಲ, ಲೋಟ ಜಾರದಂತೆ ಸುತ್ತ ಒಂದಿಂಚು ಎತ್ತರದ ಪಟ್ಟಿ ಕೊಡಿ. ಮೂಲೆಗಳಲ್ಲಿ ಮಾತ್ರ ಸಂದು ಬಿಡಿ, ಇಲ್ಲದಿದ್ದರೆ ಚೆಲ್ಲಿದ ಚಹಾ ಒರೆಸುವುದೇ ಒಂದು ಕೆಲಸ! ಕಾಲು ಮಡಚುವಂತಿರಲಿ, ಕೀಲು, ಸ್ಕ್ರೂ ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಹಾಯಿ ಏರಿಸುವ ಮೊದಲು ಮೇಜನ್ನು ಮಡಚಿ ಒಳಗಿಡಿ. ವಾಲಿದ ದೋಣಿಯಲ್ಲಿ ಅದನ್ನೇ ಆಸರೆಗೆ ಹಿಡಿದವರು ಮೇಜಿನ ಸಮೇತ ಬೀಳುತ್ತಾರೆ.