ಫ್ಲ್ಯಾಶ್ ಆಟೋದಲ್ಲೇ ಇದೆ, ಆದರೂ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಕಪ್ಪಗೆ!

ಪ್ರಶ್ನೆ: ಹಳೇ ಫಿಲ್ಮ್ ಕ್ಯಾಮೆರಾದಲ್ಲಿ ಫ್ಲ್ಯಾಶ್ ಫೋಟೋಗಳು ಚೆನ್ನಾಗಿಯೇ ಬರುತ್ತಿದ್ದವು. ಈಗ ಡಿಜಿಟಲ್ ಕ್ಯಾಮೆರಾಗೆ ಟಿಟಿಎಲ್ ಫ್ಲ್ಯಾಶ್ (ಲೆನ್ಸ್ ಮೂಲಕ ಬಂದ ಬೆಳಕು ಅಳೆದು ತಾನೇ ಹೊಂದಿಸಿಕೊಳ್ಳುವಂಥದ್ದು) ಹಾಕಿದ್ದೇನೆ. ಅದೇ ಕೋಣೆ, ಅದೇ ಜನ, ಆದರೂ ಒಂದರಲ್ಲಿ ಮುಖ ಬಿಳಿಚಿಕೊಂಡಿರುತ್ತದೆ, ಮುಂದಿನದರಲ್ಲಿ ಕತ್ತಲು. ಫ್ಲ್ಯಾಶ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ, ಸುಮ್ನೆ ರಿಪೇರಿಗೆ ಕೊಡಬೇಡಿ. ಅಳೆಯುವ ರೀತಿಯೇ ಬದಲಾಗಿದೆ. ಫಿಲ್ಮ್ ಕಾಲದ ಟಿಟಿಎಲ್‌ನಲ್ಲಿ ಶಟರ್ ತೆರೆದಿರುವಾಗಲೇ ಫಿಲ್ಮ್ ಮೇಲೆ ಬಿದ್ದು ವಾಪಸ್ ಬರುವ ಬೆಳಕನ್ನು ಕ್ಯಾಮೆರಾ ಅಳೆದು, ಸಾಕು ಅನ್ನಿಸಿದ ತಕ್ಷಣ ಫ್ಲ್ಯಾಶ್ ಆರಿಸಿಬಿಡುತ್ತಿತ್ತು. ಡಿಜಿಟಲ್ ಸೆನ್ಸರ್ ಮೇಲೆ ಬೆಳಕು ಫಿಲ್ಮ್ ಮೇಲಿನ ಹಾಗೆ ಚದುರುವುದಿಲ್ಲ, ಹೊಳೆಯುತ್ತದೆ. ಹಾಗಾಗಿ ಕ್ಯಾನನ್‌ನ ಇ-ಟಿಟಿಎಲ್ ಆಗಲಿ, ನಿಕಾನ್‌ನ ಐ-ಟಿಟಿಎಲ್ ಆಗಲಿ, ಫೋಟೋಗೆ ಸ್ವಲ್ಪ ಮೊದಲು ಒಂದು ಸಣ್ಣ ಫ್ಲ್ಯಾಶ್ ಹೊಡೆದು, ವಾಪಸ್ ಬಂದದ್ದನ್ನು ನೋಡಿ ಲೆಕ್ಕ ಹಾಕುತ್ತವೆ. ಆಮೇಲೆ ನಿಜವಾದ ಫ್ಲ್ಯಾಶ್. (ಪ್ರತಿ ಫೋಟೋದಲ್ಲೂ ಒಬ್ಬರು ಕಣ್ಣು ಮುಚ್ಚಿರುತ್ತಾರಲ್ಲ, ಅವರಿಗೆ ಬೈಯಬೇಡಿ, ಆ ಮೊದಲ ಮಿಂಚಿಗೇ ರೆಪ್ಪೆ ಬಡಿದಿರುತ್ತದೆ.)

ಈ ಲೆಕ್ಕಕ್ಕೆ ಎದುರಿಗಿರುವುದು ಬಿಳಿಯೋ ಕಪ್ಪೋ ಗೊತ್ತಿಲ್ಲ, ಎಲ್ಲವನ್ನೂ ಹೆಚ್ಚುಕಡಿಮೆ ನಡುಬೂದು ಅಂತಲೇ ಹಿಡಿಯುತ್ತದೆ. ಒಬ್ಬರನ್ನೇ ಒಂದೇ ಜಾಗದಲ್ಲಿ ನಿಲ್ಲಿಸಿ, ಬಿಳಿ ಅಂಗಿಯಲ್ಲಿ ಒಂದು, ಕಪ್ಪು ಕೋಟಿನಲ್ಲಿ ಒಂದು ಫೋಟೋ ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಬಿಳಿ ಅಂಗಿಯದರಲ್ಲಿ ಮುಖ ಮಂಕು, ಕಪ್ಪು ಕೋಟಿನದರಲ್ಲಿ ಮುಖಕ್ಕೆ ಬೆಳಕು ಜಾಸ್ತಿ. ಬಿಳಿಗೆ ಫ್ಲ್ಯಾಶ್ ಕಾಂಪನ್ಸೇಶನ್ (ಫ್ಲ್ಯಾಶ್ ಬೆಳಕನ್ನು ನಾವೇ ಏರಿಸಿ ಇಳಿಸುವ ಸೆಟ್ಟಿಂಗ್) +1, ಕಪ್ಪಿಗೆ -1 ಇಂದ ಶುರು ಮಾಡಿ, ಸ್ಕ್ರೀನ್ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಹಿಂದೆ ಕಿಟಕಿ ಗಾಜೋ ಕನ್ನಡಿಯೋ ಇದ್ದರೆ ಅದರ ಹೊಳಪಿಗೂ ಕ್ಯಾಮೆರಾ ಮೋಸ ಹೋಗುತ್ತದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ತೆಗೆಯಿರಿ. ಫ್ಲ್ಯಾಶ್ ಲಾಕ್ ಬಟನ್ (ಅಳೆದ ಲೆಕ್ಕವನ್ನು ಹಾಗೇ ಹಿಡಿದಿಡುವುದು) ಇದ್ದರೆ ಮುಖಕ್ಕೆ ಗುರಿಯಿಟ್ಟು ಒತ್ತಿ, ಆಮೇಲೆ ಫ್ರೇಮ್ ಸರಿಮಾಡಿಕೊಳ್ಳಿ. ಈ ಬಟನ್ ಬಳಸುವವರೇ ಕಡಿಮೆ, ನನ್ನ ಮಟ್ಟಿಗೆ ಅದು ಬಹಳ ಉಪಯೋಗದ್ದು.

ಆಟೋ ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವುದನ್ನು ಕ್ಯಾಮೆರಾ ತಾನೇ ಬದಲಿಸುವುದು) ತೆಗೆದುಬಿಡಿ. ಒಳಾಂಗಣಕ್ಕೆ ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿ ಶಟರ್ 1/125 ಸೆಕೆಂಡ್, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಎಫ್/5.6, ಐಎಸ್ಒ 400 ಒಳ್ಳೆಯ ಶುರು. ಫ್ಲ್ಯಾಶ್ ಮಾತ್ರ ಟಿಟಿಎಲ್‌ನಲ್ಲೇ ಇರಲಿ.

ಇನ್ನೊಂದು, ಎಲ್ಲ ಕತ್ತಲೂ ಲೆಕ್ಕದ ತಪ್ಪಲ್ಲ. ಐಎಸ್ಒ 100ರಲ್ಲಿ ಗೈಡ್ ನಂಬರ್ (ಫ್ಲ್ಯಾಶ್‌ನ ಶಕ್ತಿಯ ಅಳತೆ, ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ತಲುಪುವ ದೂರ) 40 ಮೀಟರ್ ಇರುವ ಫ್ಲ್ಯಾಶ್ ಎಫ್/8ರಲ್ಲಿ ತಲುಪುವುದು 5 ಮೀಟರ್, ಐಎಸ್ಒ 400 ಮಾಡಿದರೆ 10. ಚಾವಣಿಗೆ ತಿರುಗಿಸಿ ಹೊಡೆದರೆ ಇನ್ನೂ ಕಮ್ಮಿ. ಫ್ಲ್ಯಾಶ್ ಪೂರ್ತಿ ಶಕ್ತಿ ಹಾಕಿದ ಮೇಲೂ ಸಾಲದಿದ್ದರೆ +2 ಕೊಟ್ಟರೂ ಏನೂ ಆಗಲ್ಲ, ಐಎಸ್ಒ ಏರಿಸಬೇಕು ಅಥವಾ ಹತ್ತಿರ ಹೋಗಬೇಕು. ರೆಡಿ ದೀಪ ಹೊತ್ತುವ ಮೊದಲೇ ಟಕಟಕ ಅಂತ ತೆಗೆದರೂ ಮುಂದಿನ ಫೋಟೋ ಕಪ್ಪಗಾಗುತ್ತದೆ.

ಪ್ರಶ್ನೆ: ಫ್ಲ್ಯಾಶ್ ಮೇಲೆ ಬರೀ "ಎ" ಅಂತ ಒಂದು ಮೋಡ್ ಇದೆ. ಅದನ್ನು ಬಳಸಬಹುದಾ?

ಉತ್ತರ: ಬಳಸಿ! ಅದರಲ್ಲಿ ಫ್ಲ್ಯಾಶ್ ಮುಂದಿರುವ ಪುಟ್ಟ ಸೆನ್ಸರ್ ತಾನೇ ಬೆಳಕು ಅಳೆದು ತಾನೇ ಆರಿಸುತ್ತದೆ. ಕ್ಯಾಮೆರಾದ ಐಎಸ್ಒ, ಅಪರ್ಚರ್ ಎರಡನ್ನೂ ಫ್ಲ್ಯಾಶ್‌ನಲ್ಲೂ ಹಾಗೇ ಹಾಕಬೇಕು, ಅಷ್ಟೇ. ಬಿಳಿ-ಕಪ್ಪಿನ ಮೋಸ ಇದಕ್ಕೂ ಆಗುತ್ತದೆ, ಆದರೆ ನೀವು ಝೂಮ್ ಮಾಡಿದಿರಿ ಅಂತ ಲೆಕ್ಕ ಬದಲಾಗಲ್ಲ. ನಿಂತ ಜಾಗ, ಎದುರಿನವರು ಇರುವ ದೂರ ಎರಡೂ ಬದಲಾಗದಿದ್ದರೆ ಮಾತ್ರ ಯಾವ ಆಟೋನೂ ಬೇಡ, ಫ್ಲ್ಯಾಶ್‌ನ್ನೂ ಮ್ಯಾನ್ಯುಯಲ್‌ಗೆ ಹಾಕಿ.